ಗಡಿಯಲ್ಲಿ ಲಾರಿ ನಿಲ್ಲುವ ಮುಂಚೆ: ಪಕ್ಕದ ದೇಶದ ಬೆಂಕಿಯನ್ನು ತಡೆಯೋದು ಹೇಗೆ?

2025ರ ಅಕ್ಟೋಬರ್‌ನಲ್ಲಿ ಎರಡು ಸುದ್ದಿ ಹೆಚ್ಚುಕಮ್ಮಿ ಒಟ್ಟಿಗೇ ಬಂದವು. ಪಾಕಿಸ್ತಾನದಲ್ಲಿ ಟೊಮೆಟೊ ಕೆಜಿಗೆ 600 ರೂಪಾಯಿ ಮುಟ್ಟಿದೆ ಅನ್ನೋದು ಒಂದು. ಅಫ್ಘಾನಿಸ್ತಾನದ ತಾಲಿಬಾನ್ ಸರ್ಕಾರದ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಕಿ ದೆಹಲಿಗೆ ಬಂದು ವಾರದ ಹತ್ತಿರ ಉಳಿದರು ಅನ್ನೋದು ಇನ್ನೊಂದು.

ಮೊದಲನೇ ಸುದ್ದಿ ಓದಿದ ಕೋಲಾರದವರಿಗೆ ತಕ್ಷಣ ಬಾಕ್ಸ್ ಲೆಕ್ಕ ಹೊಳೆಯುತ್ತದೆ. ಅವರ 600 ಅಂದರೆ ನಮ್ಮ ಸುಮಾರು 190 ರೂಪಾಯಿ. 15 ಕೆಜಿ ಬಾಕ್ಸಿಗೆ 2,800ರ ಮೇಲೆ! ಅದು ಅಂಗಡಿ ರೇಟು, ಮಂಡಿ ರೇಟಲ್ಲ, ಒಪ್ಪೋಣ. ಆದರೂ ಮಾಲು ಇಲ್ಲಿದೆ, ಬೇಡಿಕೆ ಅಲ್ಲಿದೆ, ವಾಘಾವರೆಗೆ ರಸ್ತೆಯೂ ಇದೆ. ಹೋಗುವುದು ಮಾತ್ರ ಒಂದು ಬಾಕ್ಸೂ ಇಲ್ಲ.

ಎರಡನೇ ಸುದ್ದಿ ಇನ್ನೂ ಗೊಂದಲದ್ದು. ಭಾರತ ತಾಲಿಬಾನ್ ಸರ್ಕಾರಕ್ಕೆ ಅಧಿಕೃತ ಮಾನ್ಯತೆಯನ್ನೇ ಕೊಟ್ಟಿಲ್ಲ. ಹಾಗಿದ್ದೂ ಅದರ ಸಚಿವರನ್ನು ಕರೆದು ಕೂರಿಸಿತು. ಕಾಬೂಲಿನಲ್ಲಿದ್ದ ನಮ್ಮ ಚಿಕ್ಕ ಕಚೇರಿಯನ್ನು ಮತ್ತೆ ರಾಯಭಾರ ಕಚೇರಿ ಮಾಡುತ್ತೇವೆ ಎಂದೂ ಘೋಷಿಸಿತು. ನಿನ್ನೆವರೆಗೆ ದೂರ ಇಟ್ಟವರ ಜೊತೆ ಇವತ್ತು ಚಹಾ ಯಾಕೆ ಎಂದು ಜನ ಕೇಳಿದರು. ಕೇಳಬೇಕಾದ್ದೇ.

ಈ ಎರಡೂ ಸುದ್ದಿ ಒಂದೇ ವಿಷಯಕ್ಕೆ ಸೇರಿದವು. ಅಸ್ಥಿರವಾದ ದೇಶದಲ್ಲಿ ಜನ ಸಾಯುವ ಮಟ್ಟಕ್ಕೆ ಜಗಳ ಬೆಳೆಯದಂತೆ ಹೊರಗಿನ ದೇಶಗಳು ಏನು ಮಾಡಬಹುದು, ಏನು ಮಾಡಬಾರದು ಅನ್ನೋ ವಿಷಯ ಅದು.

ಟೊಮೆಟೊ ಕಾಯಲ್ಲ

ಪಾಕಿಸ್ತಾನಕ್ಕೆ ಟೊಮೆಟೊ ಬರಲು ಹಿಂದೆ ಎರಡು ಬಾಗಿಲು ಇದ್ದವು. ಪೂರ್ವಕ್ಕೆ ಭಾರತ, ಪಶ್ಚಿಮಕ್ಕೆ ಅಫ್ಘಾನಿಸ್ತಾನ. ಪುಲ್ವಾಮಾ ದಾಳಿಯ ನಂತರ 2019ರ ಫೆಬ್ರವರಿಯಲ್ಲಿ ಭಾರತ ಪಾಕಿಸ್ತಾನದ ಸರಕಿಗೆ ಶೇ 200 ಸುಂಕ ಹಾಕಿತು. ಅದೇ ಆಗಸ್ಟ್‌ನಲ್ಲಿ ಪಾಕಿಸ್ತಾನವೇ ವ್ಯಾಪಾರ ನಿಲ್ಲಿಸಿತು. ಪಹಲ್ಗಾಮ್ ದಾಳಿಯಾದ ಮೇಲೆ 2025ರ ಏಪ್ರಿಲ್‌ನಲ್ಲಿ ವಾಘಾ ಗಡಿಯ ನಮ್ಮ ಕಡೆಯ ಅಟಾರಿ ಚೆಕ್‌ಪೋಸ್ಟಿಗೂ ಬೀಗ ಬಿತ್ತು. ಒಂದು ಬಾಗಿಲು ಹೀಗೆ ಮುಚ್ಚಿಹೋಯಿತು.

ಇನ್ನೊಂದು ಬಾಗಿಲು 2025ರ ಅಕ್ಟೋಬರ್‌ನಲ್ಲಿ ಮುಚ್ಚಿತು. ತನ್ನ ಮೇಲೆ ದಾಳಿ ಮಾಡುವ ಪಾಕಿಸ್ತಾನಿ ತಾಲಿಬಾನ್‌ಗಳಿಗೆ ಕಾಬೂಲ್ ಜಾಗ ಕೊಟ್ಟಿದೆ ಎನ್ನುವುದು ಪಾಕಿಸ್ತಾನದ ದೂರು. ಕಾಬೂಲ್ ಇದನ್ನು ಒಪ್ಪುವುದಿಲ್ಲ. ಗಡಿಯಲ್ಲಿ ಗುಂಡಿನ ಕಾಳಗವಾಗಿ ಎರಡೂ ಕಡೆ ಹತ್ತಾರು ಜನ ಸತ್ತರು. ತೋರ್ಖಮ್, ಚಮನ್ ಗೇಟುಗಳು ಬಂದ್ ಆದವು. ಅಲ್ಲಿಂದ ಬರುತ್ತಿದ್ದ ಟೊಮೆಟೊ, ಸೇಬು, ದ್ರಾಕ್ಷಿ ಲಾರಿಯಲ್ಲೇ ಉಳಿದವು. ಟೊಮೆಟೊ ಕಬ್ಬಿಣ ಅಲ್ಲವಲ್ಲ, ಮಾತುಕತೆ ಮುಗಿಯೋವರೆಗೆ ಕಾಯಲು! ಕತಾರ್ ಮತ್ತು ಟರ್ಕಿ ನಡುವೆ ಬಂದು ದೋಹಾದಲ್ಲಿ ಅಕ್ಟೋಬರ್ 19ರಂದು ಕದನ ವಿರಾಮ ಮಾಡಿಸಿದವು. ಗುಂಡು ನಿಂತಿತು, ಗೇಟು ತೆರೆಯಲಿಲ್ಲ.

ಇದು ನಮಗೆ ದೂರದ ಕಥೆಯಲ್ಲ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಕೋಲಾರದ ಎಪಿಎಂಸಿ ಕೂಡ ಒಂದು. ಇಲ್ಲಿ ಹರಾಜಾದ ಮಾಲು ಬಾಂಗ್ಲಾದೇಶದವರೆಗೂ ಹೋಗುತ್ತದೆ. 2024ರ ಆಗಸ್ಟ್ 5ರಂದು ಅಲ್ಲಿನ ಪ್ರಧಾನಿ ಶೇಖ್ ಹಸೀನಾ ಢಾಕಾ ಬಿಟ್ಟು ವಿಮಾನ ಹತ್ತಿದಾಗ ಬಂಗಾಳದ ಪೆಟ್ರಾಪೋಲ್ ಗಡಿಯಲ್ಲಿ ವ್ಯಾಪಾರ ಕೆಲವು ದಿನ ನಿಂತೇಹೋಯಿತು. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆ ಬೆಳೆದ ಹಣ್ಣಿನ ರೇಟಿಗೂ ಢಾಕಾದ ಬೀದಿಗೂ ನಂಟಿದೆ ಅಂತ ಆಗ ಗೊತ್ತಾಯಿತು.

ಹಾಗೆ ನೋಡಿದರೆ ಟೊಮೆಟೊ ನಷ್ಟ ಬಹಳ ಸಣ್ಣದು. 2024ರ ಜುಲೈ 1ರಿಂದ ಆಗಸ್ಟ್ 15ರ ನಡುವೆ ಬಾಂಗ್ಲಾದ ಪ್ರತಿಭಟನೆಗಳಲ್ಲಿ 1,400 ಜನರವರೆಗೆ ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಅಂದಾಜು ಮಾಡಿದೆ. ಆರೇ ವಾರದಲ್ಲಿ.

ತಡೆದದ್ದು ಕಣ್ಣಿಗೆ ಬೀಳಲ್ಲ

ಮೋಡ ಮುಚ್ಚಿಕೊಂಡು ಜಡಿಮಳೆ ಹಿಡಿದರೆ ಟೊಮೆಟೊ ಬೆಳೆಗಾರರಿಗೆ ಅಂಗಮಾರಿ ಭಯ. ಅನುಭವ ಇರುವವರು ಎಲೆ ಮೇಲೆ ಚುಕ್ಕೆ ಕಾಣುವ ಮುಂಚೆಯೇ ಔಷಧಿ ಹೊಡೆಯುತ್ತಾರೆ. ರೋಗ ಬರಲಿಲ್ಲ ಅಂದುಕೊಳ್ಳಿ. ಔಷಧಿಯಿಂದ ಬರಲಿಲ್ಲವೋ, ಬರೋದೇ ಇರಲಿಲ್ಲವೋ? ಯಾರಿಗೂ ಗೊತ್ತಾಗಲ್ಲ. ಕೈಯಲ್ಲಿ ಉಳಿಯೋದು ಔಷಧಿ ಅಂಗಡಿಯ ಬಿಲ್ ಮಾತ್ರ. ಪಕ್ಕದ ತೋಟ ಸುಟ್ಟಂತೆ ಒಣಗಿದರೆ ಅಲ್ಲಿಗೆ ಅಧಿಕಾರಿ ಬರುತ್ತಾರೆ, ಕ್ಯಾಮೆರಾ ಬರುತ್ತದೆ, ಪರಿಹಾರದ ಮಾತೂ ಬರುತ್ತದೆ.

ಯುದ್ಧ ತಡೆಯುವ ಕೆಲಸದ ಮೊದಲ ತೊಡಕು ಇದೇ. ಇದಕ್ಕೆ ಒಳ್ಳೆಯ ಉದಾಹರಣೆ ಮ್ಯಾಸಿಡೋನಿಯಾ. 1990ರ ದಶಕದಲ್ಲಿ ಯುಗೊಸ್ಲಾವಿಯಾ ಒಡೆದಾಗ ಕ್ರೊಯೇಷಿಯಾ ಹೊತ್ತಿತು, ಬೋಸ್ನಿಯಾ ಹೊತ್ತಿತು. ಪಕ್ಕದ ಮ್ಯಾಸಿಡೋನಿಯಾದಲ್ಲೂ ಅದೇ ತರಹದ ಜನಾಂಗದ ಬಿರುಕುಗಳಿದ್ದವು. ಅಲ್ಲಿನ ಅಧ್ಯಕ್ಷರೇ ಕೇಳಿಕೊಂಡ ಮೇಲೆ ವಿಶ್ವಸಂಸ್ಥೆ 1992ರ ಡಿಸೆಂಬರ್‌ನಲ್ಲಿ ಪಡೆ ಕಳಿಸಲು ಒಪ್ಪಿತು. ಬೆಂಕಿ ಬೀಳುವ ಮುಂಚೆಯೇ ವಿಶ್ವಸಂಸ್ಥೆಯ ಸೈನಿಕರು ಹೋಗಿ ನಿಂತದ್ದು ಅದೇ ಮೊದಲು. ಇದ್ದವರು ಸಾವಿರದ ಆಸುಪಾಸು ಜನ. ಗಡಿಯಲ್ಲಿ ಗಸ್ತು ಹೊಡೆದರು, ಹಳ್ಳಿಗಳಲ್ಲಿ ಓಡಾಡಿದರು, ವರದಿ ಬರೆದರು. ಸುದ್ದಿಯಾಗುವಂಥದ್ದು ಏನೂ ಆಗಲಿಲ್ಲ. ಯುದ್ಧವೂ ಆಗಲಿಲ್ಲ.

ಮುಂದೆ ಏನಾಯಿತು ನೋಡಿ. 1999ರ ಜನವರಿಯಲ್ಲಿ ಮ್ಯಾಸಿಡೋನಿಯಾ ತೈವಾನ್‌ಗೆ ಮಾನ್ಯತೆ ಕೊಟ್ಟಿತು. ತೈವಾನ್ ತನ್ನದೇ ಅನ್ನುವ ಚೀನಾ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಆ ಪಡೆಯ ಅವಧಿ ವಿಸ್ತರಣೆಗೆ ವೀಟೊ ಹಾಕಿ ತಡೆಯಿತು. ಪರಿಸ್ಥಿತಿ ಶಾಂತವಾಗಿದೆ, ಇನ್ನು ಪಡೆ ಬೇಕಾಗಿಲ್ಲ ಅನ್ನೋದು ಬೀಜಿಂಗ್ ಕೊಟ್ಟ ಕಾರಣ. ಶಾಂತವಾಗಿದ್ದದ್ದೇ ತಪ್ಪಾಯಿತು! ಎರಡು ವರ್ಷದ ನಂತರ, 2001ರಲ್ಲಿ, ಅಲ್ಬೇನಿಯನ್ ಬಂಡುಕೋರರಿಗೂ ಸರ್ಕಾರಕ್ಕೂ ಗುಂಡಿನ ಚಕಮಕಿ ಶುರುವಾಯಿತು. ಯುರೋಪ್ ಮತ್ತು ಅಮೆರಿಕದ ರಾಯಭಾರಿಗಳು ಓಡಾಡಿ ಆಗಸ್ಟ್‌ನಲ್ಲಿ ಓಹ್ರಿದ್ ಒಪ್ಪಂದ ಮಾಡಿಸಿ ಅದನ್ನು ಸಣ್ಣದರಲ್ಲೇ ನಿಲ್ಲಿಸಿದರು.

ಕಮ್ಮಿಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ

ಆಫ್ರಿಕಾದ ರುವಾಂಡಾದಲ್ಲಿ ಕೈಕಟ್ಟಿ ಕೂತದ್ದರ ಫಲ ಕಂಡಿತು. ಅಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಡೆಯ ಕಮಾಂಡರ್ ರೋಮಿಯೊ ಡಲೇರ್ 1994ರ ಜನವರಿ 11ರಂದು ನ್ಯೂಯಾರ್ಕಿನ ಮುಖ್ಯ ಕಚೇರಿಗೆ ತಂತಿ ಕಳಿಸಿದರು. ಆಯುಧ ಬಚ್ಚಿಟ್ಟ ಜಾಗ ಗೊತ್ತಾಗಿದೆ, ಹೋಗಿ ವಶಪಡಿಸಿಕೊಳ್ಳುತ್ತೇನೆ ಅಂದರು. ಬೇಡ ಎಂದು ಉತ್ತರ ಬಂತು. ಏಪ್ರಿಲ್‌ನಲ್ಲಿ ಹತ್ಯಾಕಾಂಡ ಶುರುವಾಯಿತು. ಭದ್ರತಾ ಮಂಡಳಿ ಪಡೆ ಹೆಚ್ಚಿಸುವ ಬದಲು 270 ಜನಕ್ಕೆ ಇಳಿಸಲು ತೀರ್ಮಾನಿಸಿತು. ಸುಮಾರು 100 ದಿನದಲ್ಲಿ 8 ಲಕ್ಷದಷ್ಟು ಜನ ಸತ್ತರು.

ಈ ನಾಚಿಕೆಯಿಂದಲೇ 2005ರಲ್ಲಿ ವಿಶ್ವಸಂಸ್ಥೆಯ ದೇಶಗಳೆಲ್ಲ ಸೇರಿ ಒಂದು ಮಾತು ಒಪ್ಪಿಕೊಂಡವು. ತನ್ನ ಜನರನ್ನು ಹತ್ಯಾಕಾಂಡದಿಂದ ಕಾಪಾಡುವುದು ಆಯಾ ಸರ್ಕಾರದ ಹೊಣೆ. ಅದು ಪೂರ್ತಿ ಕೈಚೆಲ್ಲಿದರೆ ಭದ್ರತಾ ಮಂಡಳಿಯ ಮೂಲಕ ಬೇರೆ ದೇಶಗಳು ಮುಂದೆ ಬರಬಹುದು. ಕೇಳಲು ಚೆನ್ನಾಗಿಯೇ ಇದೆ.

ಲಿಬಿಯಾದಲ್ಲಿ ಇದರ ಪರೀಕ್ಷೆಯಾಯಿತು. 2011ರ ಮಾರ್ಚ್‌ನಲ್ಲಿ ಬೆಂಗಾಜಿ ನಗರದ ಜನರನ್ನು ಅಲ್ಲಿನ ಸರ್ವಾಧಿಕಾರಿ ಗಡಾಫಿಯಿಂದ ಕಾಪಾಡಲು ಬಲ ಬಳಸಲು ಮಂಡಳಿ ಒಪ್ಪಿಗೆ ಕೊಟ್ಟಿತು. ಭಾರತ ಆಗ ಮಂಡಳಿಯಲ್ಲಿತ್ತು. ಚೀನಾ, ರಷ್ಯಾ, ಜರ್ಮನಿ, ಬ್ರೆಜಿಲ್ ಜೊತೆ ಮತದಾನದಿಂದ ದೂರ ಉಳಿಯಿತು. ಜನರನ್ನು ಕಾಪಾಡಲು ಹೋದ ವಿಮಾನಗಳು ಸರ್ಕಾರ ಬೀಳುವ ತನಕ ಬಾಂಬ್ ಹಾಕಿದವು. ಆಮೇಲೆ ಊರು ನೋಡಿಕೊಳ್ಳಲು ಯಾರೂ ನಿಲ್ಲಲಿಲ್ಲ. ಗಡಾಫಿಯ ಆಯುಧಗಳು ಮರುಭೂಮಿ ದಾಟಿ ಮಾಲಿಯವರೆಗೆ ಹೋದವು. ಕಾಪಾಡೋದು ಅಂದರೆ ಕುರ್ಚಿ ಕೆಡವೋದು ಎಂದು ಅರ್ಥವಾಗಿಬಿಟ್ಟರೆ ಮುಂದಿನ ಸಲ ಯಾರು ಒಪ್ಪುತ್ತಾರೆ? ಸಿರಿಯಾ ವಿಷಯ ಬಂದಾಗ ರಷ್ಯಾ, ಚೀನಾ ಮತ್ತೆ ಮತ್ತೆ ವೀಟೊ ಹಾಕಲು ಈ ಅನುಮಾನವೂ ಒಂದು ಕಾರಣ.

ಯರಗೋಳಿಗೆ ಕೋರ್ಟ್ ಇತ್ತು

ಬಂಗಾರಪೇಟೆ ತಾಲೂಕಿನ ಯರಗೋಳಿನಲ್ಲಿ ಮಾರ್ಕಂಡೇಯ ನದಿಗೆ ಕಟ್ಟಿದ ಅಣೆಕಟ್ಟಿಗೆ ತಮಿಳುನಾಡು ತಕರಾರು ತೆಗೆದದ್ದು ಈ ಕಡೆಯವರಿಗೆ ಗೊತ್ತು. ಅದು ಸೇರುವ ದಕ್ಷಿಣ ಪೆನ್ನಾರ್ ನೀರು ತಮಗೆ ಕಮ್ಮಿಯಾಗುತ್ತದೆ ಅನ್ನೋದು ಅವರ ವಾದ. ಕುಡಿಯುವ ನೀರಿಗೆ ತಾನೇ ಅನ್ನೋದು ನಮ್ಮ ವಾದ. ಇಬ್ಬರೂ ಸುಪ್ರೀಂ ಕೋರ್ಟಿಗೆ ಹೋದರು. ವರ್ಷಗಟ್ಟಲೆ ಎಳೆಯಿತು, ಸಿಟ್ಟೂ ಬಂತು. ಆದರೆ ಯಾರೂ ಬಂದೂಕು ಹಿಡಿಯಲಿಲ್ಲ. ಎರಡೂ ರಾಜ್ಯದ ಮೇಲೆ ಒಂದು ಕೋರ್ಟ್ ಇತ್ತು, ಅದರ ಮಾತಿಗೆ ಬೆಲೆ ಇತ್ತು.

ದೇಶ ದೇಶಗಳ ನಡುವೆ ಅಂಥ ಕೋರ್ಟ್ ಇಲ್ಲ. ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪನ್ನು ಪಾಲಿಸದಿದ್ದರೆ ದೂರು ಕೊಡಬೇಕಾದ ಜಾಗ ಭದ್ರತಾ ಮಂಡಳಿ. ಅಲ್ಲಿ ಐದು ದೇಶಗಳಿಗೆ ವೀಟೊ ಇದೆ. ದೇಶದ ಒಳಗಿನ ಜಗಳವಾದರೆ ಇನ್ನೂ ಕಷ್ಟ. 'ನಮ್ಮ ಮನೆ ವಿಷಯ, ನಿಮಗ್ಯಾಕೆ' ಅಂದರೆ ಮುಗಿಯಿತು. ಹಾಗಾಗಿ ಉಳಿಯೋದು ಪಕ್ಕದ ಮನೆಯವರ ಮಾತು, ಸಾಲ, ಒತ್ತಡ, ನಂಬಿಕೆ. ವಿದೇಶಾಂಗ ನೀತಿಯ ಕೆಲಸ ಶುರುವಾಗೋದು ಇಲ್ಲೇ.

ಒಂದೇ ವರ್ಷ, ಎರಡು ಪಕ್ಕದ ಮನೆ

ಭಾರತದ ನೀತಿ ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಎಂದು ನೋಡಲು ಶ್ರೀಲಂಕಾ ಮತ್ತು ಬಾಂಗ್ಲಾವನ್ನು ಅಕ್ಕಪಕ್ಕ ಇಟ್ಟರೆ ಸಾಕು.

2022ರಲ್ಲಿ ಶ್ರೀಲಂಕಾದ ಬಳಿ ಡೀಸೆಲ್ ತರಲು ಡಾಲರ್ ಇರಲಿಲ್ಲ. ಪೆಟ್ರೋಲ್ ಬಂಕಿನ ಮುಂದೆ ದಿನಗಟ್ಟಲೆ ಸಾಲು. ಭಾರತ ಆ ವರ್ಷ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿತು. ಅದರಲ್ಲಿ ಇಂಧನ, ಅಕ್ಕಿ, ಔಷಧಿ, ಯೂರಿಯಾ ಎಲ್ಲ ಇತ್ತು. ಜುಲೈನಲ್ಲಿ ಜನ ಅಧ್ಯಕ್ಷರ ಮನೆಗೇ ನುಗ್ಗಿದರು, ಗೋಟಬಯ ರಾಜಪಕ್ಸ ದೇಶ ಬಿಟ್ಟು ಓಡಿದರು. ಭಾರತ ಯಾವ ರಾಜಪಕ್ಸನ ಪರವಾಗಿಯೂ ನಿಲ್ಲಲಿಲ್ಲ. ನಾವು ಶ್ರೀಲಂಕಾದ ಜನರ ಜೊತೆ ಇದ್ದೇವೆ ಅಂತಷ್ಟೇ ಹೇಳಿತು. 2023ರ ಜನವರಿಯಲ್ಲಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸಾಲಕ್ಕೆ ಬೇಕಿದ್ದ, ಹಳೆಯ ಸಾಲ ಸಡಿಲಿಸುತ್ತೇವೆ ಅನ್ನೋ ಭರವಸೆಯನ್ನು ಸಾಲ ಕೊಟ್ಟ ದೇಶಗಳ ಪೈಕಿ ಮೊದಲು ಕೊಟ್ಟದ್ದೂ ಭಾರತವೇ.

ನನಗೆ ಇನ್ನೂ ಮುಖ್ಯ ಅನಿಸೋದು ಮುಂದಿನ ಹೆಜ್ಜೆ. 2024ರ ಫೆಬ್ರವರಿಯಲ್ಲಿ ದೆಹಲಿ ಒಬ್ಬ ವಿರೋಧ ಪಕ್ಷದ ನಾಯಕನನ್ನು ಕರೆಸಿತು. ಆಗ ಅವರ ಗುಂಪಿಗೆ ಸಂಸತ್ತಿನಲ್ಲಿದ್ದದ್ದು ಮೂರೇ ಸೀಟು. ಅವರ ಪಕ್ಷ ಜೆವಿಪಿ ಒಂದು ಕಾಲಕ್ಕೆ ಭಾರತದ ಕಟು ವಿರೋಧಿ. ಹೆಸರು ಅನುರ ಕುಮಾರ ದಿಸ್ಸಾನಾಯಕೆ. ಏಳು ತಿಂಗಳ ನಂತರ ಅವರೇ ಅಧ್ಯಕ್ಷರಾದರು. ಆ ಹೊತ್ತಿಗೆ ಪರಿಚಯ ಹಳೆಯದಾಗಿತ್ತು. ಮೊದಲ ವಿದೇಶ ಪ್ರವಾಸಕ್ಕೆ ಅವರು ಬಂದದ್ದು ದೆಹಲಿಗೇ.

ಬಾಂಗ್ಲಾದಲ್ಲಿ ಇದು ಉಲ್ಟಾ ಆಯಿತು. ಹಸೀನಾ ಜೊತೆ ಭಾರತದ ಗೆಳೆತನಕ್ಕೆ ಗಟ್ಟಿ ಕಾರಣವಿತ್ತು ಅನ್ನೋದನ್ನು ಮರೆಯಬಾರದು. ಅಸ್ಸಾಂನ ಬಂಡುಕೋರ ಸಂಘಟನೆ ಉಲ್ಫಾದ ನಾಯಕರಿಗೆ ಅಲ್ಲಿದ್ದ ಆಸರೆ ತಪ್ಪಿಸಿದ್ದು ಅವರ ಸರ್ಕಾರ. ಈಶಾನ್ಯ ರಾಜ್ಯಗಳು ಇವತ್ತು ಮೊದಲಿಗಿಂತ ಶಾಂತವಾಗಿರುವುದರಲ್ಲಿ ಅದರ ಪಾಲೂ ಇದೆ. ಆದರೆ 2014ರ ಚುನಾವಣೆಯನ್ನು ಮುಖ್ಯ ವಿರೋಧ ಪಕ್ಷ ಬಿಎನ್‌ಪಿ ಬಹಿಷ್ಕರಿಸಿತು. 2024ರ ಜನವರಿಯದನ್ನೂ ಬಹಿಷ್ಕರಿಸಿತು. ಸಿಟ್ಟು ಹೊರಹೋಗಲು ಮತಪೆಟ್ಟಿಗೆಯ ದಾರಿ ಇರಲಿಲ್ಲ. ಚುನಾವಣೆ ಕೆಡಿಸುವವರಿಗೆ ವೀಸಾ ಕೊಡಲ್ಲ ಎಂದು ಅಮೆರಿಕ 2023ರಲ್ಲೇ ಎಚ್ಚರಿಸಿತ್ತು. ದೆಹಲಿ ಹಸೀನಾ ಬಿಟ್ಟು ಬೇರೆಯವರ ಕಡೆ ನೋಡಲಿಲ್ಲ.

ಕಿಡಿ ಹತ್ತಿದ್ದು ಸಣ್ಣ ವಿಷಯಕ್ಕೆ. ಸರ್ಕಾರಿ ಕೆಲಸದಲ್ಲಿ 1971ರ ಸ್ವಾತಂತ್ರ್ಯ ಯೋಧರ ಕುಟುಂಬಗಳಿಗೆ ಶೇ 30 ಮೀಸಲಾತಿಯನ್ನು 2024ರ ಜೂನ್‌ನಲ್ಲಿ ಅಲ್ಲಿನ ಹೈಕೋರ್ಟ್ ಮತ್ತೆ ತಂದಿತು. ವಿದ್ಯಾರ್ಥಿಗಳು ಬೀದಿಗಿಳಿದರು. ಜುಲೈ 16ಕ್ಕೆ ಹೆಣಗಳು ಬಿದ್ದವು. ಜುಲೈ 21ರಂದು ಸುಪ್ರೀಂ ಕೋರ್ಟ್ ಆ ಶೇ 30ನ್ನು ಶೇ 5ಕ್ಕೆ ಇಳಿಸಿತು. ಕೇಳಿದ್ದು ಸಿಕ್ಕಿತು, ಆದರೆ ಗುಂಡು ಆಗಲೇ ಹಾರಿತ್ತು. ಆ ಮೇಲೆ ಯಾರೂ ಮೀಸಲಾತಿ ಬಗ್ಗೆ ಮಾತಾಡಲಿಲ್ಲ. ಭಾರತ ಇದು ಅವರ ಆಂತರಿಕ ವಿಷಯ ಎಂದಿತು. ಎರಡು ವಾರದ ನಂತರ ಹಸೀನಾ ಇಳಿದದ್ದು ದೆಹಲಿ ಪಕ್ಕದ ಹಿಂಡನ್ ವಾಯುನೆಲೆಯಲ್ಲಿ.

ದೆಹಲಿ ಮೊದಲೇ ಬಿಎನ್‌ಪಿ ಜೊತೆ, ವಿದ್ಯಾರ್ಥಿಗಳ ಜೊತೆ ಮಾತಾಡಿದ್ದರೆ ಆ ಸಾವು ತಪ್ಪುತ್ತಿತ್ತಾ? ಹಾಗಂತ ಯಾರೂ ಆಣೆ ಮಾಡಲಾರರು. ಗುಂಡು ಹಾರಿಸಿ ಅಂದದ್ದು ದೆಹಲಿ ಅಲ್ಲ. ಆದರೆ ಆಗಸ್ಟ್ 6ರ ಬೆಳಗ್ಗೆ ಢಾಕಾದಲ್ಲಿ ಫೋನ್ ಮಾಡಲು ಭಾರತಕ್ಕೆ ಹೆಚ್ಚು ನಂಬರ್‌ಗಳಿರುತ್ತಿದ್ದವು. ಆಮೇಲೆ ನಡೆದದ್ದನ್ನು ನೋಡಿ. ಬಾಂಗ್ಲಾದ ಸರಕು ನಮ್ಮ ನೆಲದ ಮೂಲಕ ಬೇರೆ ದೇಶಕ್ಕೆ ಹೋಗುವ ಸೌಲಭ್ಯವನ್ನು ಭಾರತ 2025ರ ಏಪ್ರಿಲ್‌ನಲ್ಲಿ ಹಿಂತೆಗೆದುಕೊಂಡಿತು. ಅದೇ ತಿಂಗಳು ಬಾಂಗ್ಲಾ ನಮ್ಮ ನೂಲಿಗೆ ರಸ್ತೆ ಗಡಿ ಮುಚ್ಚಿತು. ಮೇ ತಿಂಗಳಲ್ಲಿ ನಾವು ಅವರ ಸಿದ್ಧ ಉಡುಪಿಗೆ ಮುಚ್ಚಿದೆವು. 2025ರ ಡಿಸೆಂಬರ್ 30ರಂದು ಬಿಎನ್‌ಪಿಯ ಖಾಲಿದಾ ಜಿಯಾ ತೀರಿಕೊಂಡರು. ಮರುದಿನ ಜೈಶಂಕರ್ ಢಾಕಾಗೆ ಹೋಗಿ ಅವರ ಮಗ ತಾರಿಕ್ ರೆಹಮಾನ್ ಕೈಗೆ ಮೋದಿಯವರ ಪತ್ರ ಕೊಟ್ಟರು. ಮಾತು ಶುರುವಾಯಿತು, ಆದರೆ ಸಾವಿನ ಮನೆಯಲ್ಲಿ.

ತಲೆ ಹಾಕೋದು ಬೇಡ ಅನ್ನುವವರ ವಾದ

ಇದಕ್ಕೆ ಎದುರು ವಾದ ಇದೆ, ಅದು ಹಗುರವಾದದ್ದೂ ಅಲ್ಲ. ಪಕ್ಕದ ಮನೆ ಜಗಳಕ್ಕೆ ಹೋದವರು ಏಟು ತಿಂದೇ ಬರುತ್ತಾರೆ ಅನ್ನೋದು ಅದರ ಸಾರ. ಕೋಲಾರ, ಮುಳಬಾಗಿಲು ದಾಟಿ ಹಳೇ ಮದ್ರಾಸ್ ರಸ್ತೆಯಲ್ಲೇ ಮುಂದೆ ಹೋದರೆ ಚೆನ್ನೈಗೆ ಸ್ವಲ್ಪ ಮುಂಚೆ ಶ್ರೀಪೆರಂಬದೂರು ಸಿಗುತ್ತದೆ. 1987ರ ಜುಲೈನಲ್ಲಿ ರಾಜೀವ್ ಗಾಂಧಿ ಶ್ರೀಲಂಕಾ ಜೊತೆ ಒಪ್ಪಂದ ಮಾಡಿಕೊಂಡು ಶಾಂತಿಪಡೆ ಕಳಿಸಿದರು. ಶಾಂತಿ ಕಾಯಲು ಹೋದ ಸೈನಿಕರು ಕೆಲವೇ ತಿಂಗಳಲ್ಲಿ ಎಲ್‌ಟಿಟಿಇ ಜೊತೆ ಕಾದಾಡುತ್ತಿದ್ದರು. 1990ರ ಮಾರ್ಚ್‌ನಲ್ಲಿ ವಾಪಸ್ ಬರುವ ಹೊತ್ತಿಗೆ ಸುಮಾರು 1,200 ಜನ ಸತ್ತಿದ್ದರು. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಹತ್ಯೆಯಾಯಿತು. ಭಾರತ ಪಕ್ಕದ ದೇಶಕ್ಕೆ ಸೈನ್ಯ ಕಳಿಸಲು ಇಂದಿಗೂ ಹಿಂದೆಮುಂದೆ ನೋಡುವುದಕ್ಕೆ ಕಾರಣ ಹುಡುಕಬೇಕಿಲ್ಲ.

ಇನ್ನೊಂದು ಗುಂಪು ಹೇಳೋದು ಬೇರೆ. ಯಾರು ಗಟ್ಟಿಯಾಗಿ ಕುರ್ಚಿಯಲ್ಲಿದ್ದಾರೋ ಅವರ ಜೊತೆಗಿರಿ, ದೇಶ ಸ್ಥಿರವಾಗಿರುತ್ತದೆ ಅನ್ನುತ್ತದೆ ಅದು. ಮ್ಯಾನ್ಮಾರ್ ಸೇನೆಯ ಜೊತೆ ಭಾರತ ಇಟ್ಟುಕೊಂಡ ಸಂಬಂಧದ ಹಿಂದೆ ಈ ಲೆಕ್ಕವೂ ಇದೆ. 2021ರ ಫೆಬ್ರವರಿಯಲ್ಲಿ ಅಧಿಕಾರ ಕಿತ್ತುಕೊಂಡ ನಂತರ ಆ ಸೇನೆ ನಮ್ಮ ಗಡಿಗೆ ಹತ್ತಿಕೊಂಡ ಎಷ್ಟೋ ಜಾಗವನ್ನು ಬಂಡುಕೋರರಿಗೆ ಕಳೆದುಕೊಂಡಿತು. ಮಿಜೋರಾಂಗೆ 30,000ಕ್ಕೂ ಹೆಚ್ಚು ನಿರಾಶ್ರಿತರು ಬಂದರು. ಗಟ್ಟಿ ಎಂದುಕೊಂಡ ಕುರ್ಚಿ ಗಟ್ಟಿ ಇರಲಿಲ್ಲ.

ನನಗನ್ನಿಸೋದು, ಎರಡೂ ವಾದಗಳು ಮಧ್ಯಪ್ರವೇಶ ಅನ್ನೋ ಪದದೊಳಗೆ ಸೈನ್ಯ ಕಳಿಸೋದನ್ನೂ ಮಾತಾಡೋದನ್ನೂ ಒಟ್ಟಿಗೆ ತುಂಬುತ್ತವೆ. ಅವೆರಡೂ ಒಂದೇ ಅಲ್ಲ. ನೇಪಾಳದಲ್ಲಿ ಮಾವೋವಾದಿಗಳ ಯುದ್ಧ 10 ವರ್ಷದಲ್ಲಿ ಸುಮಾರು 17,000 ಜನರನ್ನು ತಿಂದಿತ್ತು. 2005ರ ನವೆಂಬರ್‌ನಲ್ಲಿ ಮಾವೋವಾದಿಗಳೂ ಏಳು ಪಕ್ಷಗಳೂ ಸೇರಿ 12 ಅಂಶಗಳ ತಿಳಿವಳಿಕೆಗೆ ಬಂದದ್ದು ದೆಹಲಿಯಲ್ಲಿ ಕೂತು. ಒಬ್ಬ ಸೈನಿಕನೂ ಗಡಿ ದಾಟಲಿಲ್ಲ. ಮರುವರ್ಷ ಯುದ್ಧ ಮುಗಿಯಿತು. ಮುತ್ತಕಿ ಅವರನ್ನು ಕರೆದದ್ದನ್ನೂ ಈ ಸಾಲಿನಲ್ಲೇ ನೋಡಬೇಕು. ಅದು ಮೆಚ್ಚುಗೆಯ ಸರ್ಟಿಫಿಕೇಟ್ ಅಲ್ಲ. ಅಲ್ಲಿ ಹುಡುಗಿಯರಿಗೆ ಹೈಸ್ಕೂಲ್ ಬಾಗಿಲು ಇನ್ನೂ ಮುಚ್ಚಿದೆ, ಅದನ್ನು ಹೇಳುವ ಬಾಯಿಯೂ ಇರಬೇಕು. ಫೋನ್ ಸಂಪರ್ಕವೇ ಇಲ್ಲದಿದ್ದರೆ ಹೇಳೋದು ಯಾರಿಗೆ?

ದುಡ್ಡು ಎಲ್ಲಿಗೆ ಹೋಗ್ತಿದೆ

ಸಂಘರ್ಷ ತಡೆಗೆ ಮೊದಲೇ ಖರ್ಚು ಮಾಡಿದರೆ ವರ್ಷಕ್ಕೆ 500 ಕೋಟಿಯಿಂದ 7,000 ಕೋಟಿ ಡಾಲರ್‌ವರೆಗೆ ಉಳಿಯಬಹುದು ಎಂದು ವಿಶ್ವಸಂಸ್ಥೆ ಮತ್ತು ವಿಶ್ವಬ್ಯಾಂಕ್ 2018ರಲ್ಲಿ ಲೆಕ್ಕ ಹಾಕಿದ್ದವು. ಲೋಕ ನಡೆಯುತ್ತಿರೋದು ಬೇರೆ ದಿಕ್ಕಿಗೆ. 2024ರಲ್ಲಿ ಜಗತ್ತಿನ ಸೇನಾ ಖರ್ಚು 2.7 ಲಕ್ಷ ಕೋಟಿ ಡಾಲರ್. ವಿಶ್ವಸಂಸ್ಥೆಯ ಶಾಂತಿಪಡೆಗಳ 2024-25ರ ಬಜೆಟ್ ಸುಮಾರು 560 ಕೋಟಿ ಡಾಲರ್. ಅಂದರೆ 500ರಲ್ಲಿ ಒಂದು ಪಾಲಿನ ಹತ್ತಿರ. ಅದಕ್ಕೂ ಕತ್ತರಿ ಬಿದ್ದಿದೆ. ಶಾಂತಿಪಡೆಯ ಸೈನಿಕರು ಮತ್ತು ಪೊಲೀಸರಲ್ಲಿ ಕಾಲು ಭಾಗದಷ್ಟು ಜನರನ್ನು ಮನೆಗೆ ಕಳಿಸಬೇಕಾಗಿದೆ ಎಂದು 2025ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ ಹೇಳಿತು. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಅದೇ ಜುಲೈನಲ್ಲಿ ಬಾಗಿಲು ಹಾಕಿತ್ತು.

ಪರಿಣಾಮ ಮೊದಲು ಕಾಣಿಸೋದು ಸುಡಾನ್ ತರಹದ ಕಡೆ. 2023ರ ಏಪ್ರಿಲ್ 15ರಂದು ಇಬ್ಬರು ಜನರಲ್‌ಗಳು ಅಲ್ಲಿ ಕಾದಾಟಕ್ಕೆ ಬಿದ್ದರು. ಒಬ್ಬನ ಪಡೆ ಇನ್ನೊಬ್ಬನ ಸೈನ್ಯದಲ್ಲಿ ಎಷ್ಟು ವರ್ಷದೊಳಗೆ ಸೇರಬೇಕು, ಎರಡೋ ಹತ್ತೋ ಅನ್ನೋದು ಜಗಳದ ಒಂದು ಗಂಟು. ಸಂಧಾನಕಾರರಿಗೆ ಆ ಗಂಟು ಮೊದಲೇ ಗೊತ್ತಿತ್ತು. ಬಂದೂಕು ಇದ್ದವರನ್ನು ಒಲಿಸುವುದರಲ್ಲೇ ಹೊತ್ತು ಹೋಯಿತು. ಅಲ್ಲಿ ಸಿಕ್ಕಿಬಿದ್ದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಜನರೂ ಇದ್ದರು. 'ಆಪರೇಷನ್ ಕಾವೇರಿ'ಯಲ್ಲಿ 3,800ಕ್ಕೂ ಹೆಚ್ಚು ಭಾರತೀಯರನ್ನು ಕರೆತರಲಾಯಿತು. ಸುಡಾನಿನ ಜನರಿಗೆ ಬರಲು ವಿಮಾನ ಇರಲಿಲ್ಲ. ಒಂದು ಕೋಟಿಗೂ ಹೆಚ್ಚು ಮಂದಿ ಮನೆ ಬಿಟ್ಟರು.

ತುಮಕೂರು ಜಿಲ್ಲೆ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2023ರ ಫೆಬ್ರವರಿಯಲ್ಲಿ ಪ್ರಧಾನಿಯೇ ಬಂದು ಉದ್ಘಾಟಿಸಿದರು, ದೊಡ್ಡ ಸುದ್ದಿಯಾಯಿತು. ಅದು ಬೇಕಾದದ್ದೇ. ಆದರೆ ಸರಿಯಾದ ಹೊತ್ತಿಗೆ ಮಾಡಿದ ಒಂದು ಫೋನ್ ಕರೆಗೆ ಉದ್ಘಾಟನೆ ಮಾಡಲಾಗುತ್ತದಾ?

ಡಿಸೆಂಬರ್ 12

ಈಗ ಮುಂದೆ ಇರೋದು ಒಂದು ತಾರೀಕು. ಬಾಂಗ್ಲಾ ಜೊತೆಗಿನ ಗಂಗಾ ನೀರು ಹಂಚಿಕೆ ಒಪ್ಪಂದಕ್ಕೆ 1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಸಹಿ ಬಿತ್ತು. ಸಹಿ ಹಾಕಿದ್ದು ಶೇಖ್ ಹಸೀನಾ ಮತ್ತು ಎಚ್.ಡಿ. ದೇವೇಗೌಡರು. ಗೌಡರು ಮುಂದೆ 2019ರಲ್ಲಿ ತುಮಕೂರಿನಿಂದ ಲೋಕಸಭೆಗೆ ನಿಂತು ಸೋತರು. ಅವರ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯಲ್ಲಿ ಈ ಒಪ್ಪಂದದ ಮಾತು ಬರೋದೇ ಅಪರೂಪ. ಅದರ ಅವಧಿ 30 ವರ್ಷ. 2026ರ ಡಿಸೆಂಬರ್‌ಗೆ ಮುಗಿಯುತ್ತದೆ.

ಒಪ್ಪಂದದ ಲೆಕ್ಕ ಸರಳ. ಜನವರಿ 1ರಿಂದ ಮೇ 31ರವರೆಗೆ, ಬೇಸಿಗೆಯಲ್ಲಿ ಮಾತ್ರ ಹಂಚಿಕೆ. ಬಂಗಾಳದ ಫರಕ್ಕಾ ಬ್ಯಾರೇಜಿನಲ್ಲಿ ನೀರು 70,000 ಕ್ಯೂಸೆಕ್ ಅಥವಾ ಕಮ್ಮಿ ಇದ್ದರೆ ಅರ್ಧರ್ಧ. 70,000ದಿಂದ 75,000ದ ನಡುವೆ ಇದ್ದರೆ ಬಾಂಗ್ಲಾಕ್ಕೆ 35,000, ಉಳಿದದ್ದು ನಮಗೆ. ಅದಕ್ಕಿಂತ ಜಾಸ್ತಿ ಇದ್ದರೆ ನಮಗೆ 40,000, ಉಳಿದದ್ದು ಅವರಿಗೆ. ಅಳತೆ ಸರಿ ಇದೆಯಾ ಎಂದು ನೋಡಲು ಎರಡೂ ದೇಶದ ಎಂಜಿನಿಯರ್‌ಗಳು ನಮ್ಮ ಫರಕ್ಕಾದಲ್ಲೂ ಅವರ ಹಾರ್ಡಿಂಜ್ ಸೇತುವೆಯಲ್ಲೂ ಇರುತ್ತಾರೆ. ಹಸೀನಾ ಹೋದ ಮೇಲೆ ಎರಡೂ ಕಡೆ ಮಾತು ಎಷ್ಟು ಕೆಟ್ಟಿತ್ತು ಅನ್ನೋದು ಗೊತ್ತೇ ಇದೆ. ಆದರೂ 2025ರ ಮಾರ್ಚ್‌ನಲ್ಲಿ ಬಾಂಗ್ಲಾದ ತಂಡ ಫರಕ್ಕಾಗೆ ಬಂತು. ನಮ್ಮ ಎಂಜಿನಿಯರ್‌ಗಳ ಜೊತೆ ನಿಂತು ನದಿಯಲ್ಲಿ ನೀರೆಷ್ಟಿದೆ ಎಂದು ನೋಡಿಕೊಂಡು ಹೋಯಿತು.